ವಾಯ್ಸ್ ಓವರ್ ಬರೆಯೋದು, ಓದೋದು, ಕೂರಿಸೋದು: ಮೊದಲ ಸಲ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ತೆರೆಯ ಮೇಲೆ ಒಬ್ಬ ಬಾಗಿಲು ತೆಗೆಯುತ್ತಾನೆ. ಹಿಂದಿನಿಂದ ಒಂದು ದನಿ ಬರುತ್ತದೆ: "ಆತ ಬಾಗಿಲು ತೆರೆದ." ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅಂತಾರಲ್ಲ, ಅದೇ ಕಥೆ. ನಮ್ಮ ಕಿರುಚಿತ್ರಗಳಲ್ಲಿ, ಊರು-ಜಾತ್ರೆ-ಕಸುಬಿನ ಮೇಲೆ ಮಾಡುವ ಸಾಕ್ಷ್ಯಚಿತ್ರಗಳಲ್ಲಿ, ಅರ್ಧಕ್ಕಿಂತ ಜಾಸ್ತಿ ವಾಯ್ಸ್ ಓವರ್ ಹೀಗೇ ಇರುತ್ತದೆ. ಕಣ್ಣಿಗೆ ಕಂಡದ್ದನ್ನೇ ಕಿವಿಗೂ ಹೇಳುತ್ತದೆ. ನೋಡುವವರು ಎರಡನೇ ನಿಮಿಷಕ್ಕೆ ಫೋನ್ ಕೈಗೆತ್ತಿಕೊಳ್ಳುತ್ತಾರೆ.

ಚಿತ್ರ ಎಷ್ಟೇ ಒದ್ದಾಡಿದರೂ ತೋರಿಸಲಾಗದ್ದನ್ನು ಹೇಳುವುದೇ ವಾಯ್ಸ್ ಓವರ್ ಕೆಲಸ. ಅದನ್ನು ಎಲ್ಲಿ ಹಾಕಬೇಕು, ಹೇಗೆ ಬರೆಯಬೇಕು, ಮನೆಯಲ್ಲೇ ಹೇಗೆ ರೆಕಾರ್ಡ್ ಮಾಡಬೇಕು ಅನ್ನುವುದನ್ನು ಒಂದೊಂದಾಗಿ ನೋಡೋಣ. ಸಿನಿಮಾ, ಸೀರಿಯಲ್, ಸಾಕ್ಷ್ಯಚಿತ್ರ ಮೂರಕ್ಕೂ ಇದು ಆಗುತ್ತದೆ. ಉದಾಹರಣೆಗೆ ಮಾತ್ರ ಒಂದು ಚಿಕ್ಕ ಸಾಕ್ಷ್ಯಚಿತ್ರವನ್ನೇ ಇಟ್ಟುಕೊಂಡಿದ್ದೇನೆ.

ಯಾವುದು ವಾಯ್ಸ್ ಓವರ್, ಯಾವುದು ಅಲ್ಲ

ಅಡುಗೆಮನೆಯಿಂದ ಅಮ್ಮ "ಊಟಕ್ಕೆ ಬಾರೋ" ಅಂತ ಕೂಗುತ್ತಾಳೆ, ಕ್ಯಾಮೆರಾ ಹಾಲ್‌ನಲ್ಲಿ ಮಗನ ಮುಖದ ಮೇಲಿದೆ. ಇದು ವಾಯ್ಸ್ ಓವರ್ ಅಲ್ಲ. ಅಮ್ಮ ಅದೇ ಮನೆಯಲ್ಲಿ, ಅದೇ ಹೊತ್ತಿನಲ್ಲಿ ಇದ್ದಾಳೆ, ಫ್ರೇಮ್‌ನಲ್ಲಿ ಇಲ್ಲ ಅಷ್ಟೇ. ಚಿತ್ರಕಥೆಯಲ್ಲಿ ಇದಕ್ಕೆ ಓ.ಎಸ್. ಎಂದು, ಅಂದರೆ ಆಫ್ ಸ್ಕ್ರೀನ್ ಎಂದು, ಪಾತ್ರದ ಹೆಸರಿನ ಪಕ್ಕ ಬರೆಯುತ್ತಾರೆ. ಅದೇ ಮಗ ಇಪ್ಪತ್ತು ವರ್ಷ ಆದಮೇಲೆ "ಅವತ್ತು ನಾನು ಊಟಕ್ಕೆ ಏಳಲೇ ಇಲ್ಲ" ಅಂದರೆ, ಆ ದನಿ ಆ ಹಾಲ್‌ನಲ್ಲೂ ಇಲ್ಲ, ಆ ದಿನದಲ್ಲೂ ಇಲ್ಲ. ಅದು ವಿ.ಓ., ಅಂದರೆ ವಾಯ್ಸ್ ಓವರ್. ಸ್ಕ್ರಿಪ್ಟ್‌ನಲ್ಲಿ ಇವೆರಡು ಅದಲುಬದಲಾದರೆ ಶೂಟಿಂಗ್ ದಿನ ಸೌಂಡ್‌ನವರು ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ, ಯಾಕಂದರೆ ಒಂದನ್ನು ಅಲ್ಲೇ ಹಿಡಿಯಬೇಕು, ಇನ್ನೊಂದನ್ನು ಆಮೇಲೆ ರೆಕಾರ್ಡ್ ಮಾಡಬಹುದು.

ಮೊದಲ ಹೆಜ್ಜೆ: ಬೇಕಾ, ಬೇಡ್ವಾ?

ರಫ್ ಕಟ್, ಅಂದರೆ ಶಾಟ್‌ಗಳ ಮೊದಲ ಒರಟು ಜೋಡಣೆ, ಆದ ಮೇಲೆ ಒಂದು ಅಕ್ಷರ ನಿರೂಪಣೆಯೂ ಇಲ್ಲದೆ, ಬರೀ ಲೊಕೇಶನ್ ಸೌಂಡ್ ಇಟ್ಟು, ವಿಷಯ ಗೊತ್ತಿಲ್ಲದ ಒಬ್ಬರನ್ನು ಕೂರಿಸಿ ತೋರಿಸಿ. ನೀವು ಬಾಯಿ ಬಿಡಬೇಡಿ, ಅದೇ ಕಷ್ಟದ ಕೆಲಸ. ಅವರು "ಇವ್ರು ಯಾರು?", "ಇದು ಯಾಕೆ ಹಿಂಗೆ?" ಅಂತ ಕೇಳಿದ ಜಾಗದ ಟೈಮ್ ಬರೆದುಕೊಳ್ಳಿ. ಆ ಪಟ್ಟಿಯೇ ನಿಮ್ಮ ವಾಯ್ಸ್ ಓವರ್‌ನ ನಕ್ಷೆ. ಅವರು ಏನೂ ಕೇಳದೆ ನೋಡಿದ ಜಾಗದಲ್ಲಿ ನಿಮಗೂ ಮಾತಾಡುವ ಹಕ್ಕಿಲ್ಲ.

ಆಮೇಲೆ ಪಟ್ಟಿಯ ಒಂದೊಂದು ಪ್ರಶ್ನೆಗೂ ಬೇರೆ ದಾರಿ ಇದೆಯಾ ನೋಡಿ. ಊರಿನ ಹೆಸರು ಬೇಕಾ? ಬಸ್ ಸ್ಟಾಂಡಿನ ಬೋರ್ಡ್ ಸಾಕು. ಒಬ್ಬರ ಹೆಸರು ಬೇಕಾ? ಕೆಳಗೆ ಒಂದು ಸಾಲು ಅಕ್ಷರ ಹಾಕಿ. ಇಂಟರ್‌ವ್ಯೂನಲ್ಲಿ ಅವರೇ ಹೇಳಿದ್ದಾರಾ? ಹಾಗಿದ್ದರೆ ಅವರ ಬಾಯಿಂದಲೇ ಬರಲಿ, ನೀವು ಅದನ್ನು ಒಪ್ಪ ಮಾಡಿ ಹೇಳುವ ಅಗತ್ಯ ಇಲ್ಲ.

ಎಡಿಟಿಂಗ್‌ನಲ್ಲಿ ಎಡವಿದ್ದನ್ನು ಮಾತಿನಿಂದ ಮುಚ್ಚಲು ಹೊರಟರೆ ದೊಡ್ಡವರ ಕೈಯಲ್ಲೂ ಕೆಲಸ ಕೆಡುತ್ತದೆ. ಹಾಲಿವುಡ್‌ನ 'ಬ್ಲೇಡ್ ರನ್ನರ್' 1982ರಲ್ಲಿ ಬಂದಾಗ ನಾಯಕನ ವಾಯ್ಸ್ ಓವರ್ ಇತ್ತು. ಬಿಡುಗಡೆಗೆ ಮೊದಲೇ ನೋಡಿದವರಿಗೆ ಕಥೆ ಸರಿಯಾಗಿ ಅರ್ಥವಾಗಲಿಲ್ಲ ಅಂತ ಸ್ಟುಡಿಯೋದವರು ಹಾಕಿಸಿದ್ದು ಅದು. 1992ರ ಡೈರೆಕ್ಟರ್ಸ್ ಕಟ್‌ನಲ್ಲಿ ಅದನ್ನು ಪೂರ್ತಿ ಕಿತ್ತು ಹಾಕಿದರು, ಸಿನಿಮಾ ಏನೂ ಬಡವಾಗಲಿಲ್ಲ.

ಎರಡನೆಯದು: ಮಾತಾಡ್ತಿರೋದು ಯಾರು?

ಬರೆಯಲು ಕೂರುವ ಮುಂಚೆ ನಾಲ್ಕು ಪ್ರಶ್ನೆಗೆ ಉತ್ತರ ಬೇಕು. ಯಾರು ಹೇಳುತ್ತಿದ್ದಾರೆ, ಯಾರಿಗೆ, ಯಾವಾಗ ನಿಂತು ಹೇಳುತ್ತಿದ್ದಾರೆ, ಅವರಿಗೆ ಎಷ್ಟು ಗೊತ್ತು. ಕೊನೆಯದನ್ನು ತುಂಬಾ ಜನ ಮರೆಯುತ್ತಾರೆ.

'ಕೆ.ಜಿ.ಎಫ್.' ನೋಡಿಲ್ಲದ ಕನ್ನಡಿಗರು ಕಮ್ಮಿ, ಅದನ್ನೇ ತಗೊಳ್ಳಿ. 2018ರ ಮೊದಲ ಭಾಗದಲ್ಲಿ ಅನಂತ್ ನಾಗ್ ಪಾತ್ರ, ಪತ್ರಕರ್ತ ಆನಂದ್ ಇಂಗಳಗಿ, ಟಿವಿ ಚಾನೆಲ್‌ನವರ ಮುಂದೆ ಕೂತು ಕಥೆ ಹೇಳುತ್ತಾರೆ. ಅಂದರೆ ದನಿಗೆ ಒಂದು ಮುಖ ಇದೆ, ಒಂದು ಕುರ್ಚಿ ಇದೆ, ಎದುರಿಗೆ ನಂಬದೆ ಪ್ರಶ್ನೆ ಕೇಳುವವರೂ ಇದ್ದಾರೆ. ನಾಯಕನನ್ನು ಅಷ್ಟೆತ್ತರಕ್ಕೆ ಏರಿಸಿ ಮಾತಾಡಿದರೂ ನಡೆಯುತ್ತದೆ, ಯಾಕಂದರೆ ಅದು ನಿರ್ದೇಶಕರ ಮಾತಾಗಿ ಕೇಳುವುದಿಲ್ಲ, ಆ ಮುದುಕ ಬರೆದ ಪುಸ್ತಕದ ಮಾತಾಗಿ ಕೇಳುತ್ತದೆ. 2022ರ ಎರಡನೇ ಭಾಗದಲ್ಲಿ ಕಥೆ ಹೇಳುವ ಕೆಲಸ ಮಗನಿಗೆ ಬರುತ್ತದೆ, ಆ ಪಾತ್ರ ಪ್ರಕಾಶ್ ರಾಜ್ ಅವರದು. ಹೇಳುವವನು ಬದಲಾದ ಅನ್ನುವುದನ್ನೂ ಕಥೆಯೊಳಗೇ ಕಾರಣ ಕೊಟ್ಟು ತೋರಿಸಿದರು.

ಟಿವಿಯಲ್ಲಾದರೆ 1988ರಲ್ಲಿ ದೂರದರ್ಶನದಲ್ಲಿ ಶುರುವಾದ ಹಿಂದಿ 'ಮಹಾಭಾರತ'. ಅಲ್ಲಿ ಕಥೆ ಹೇಳುವುದು ಸಾಕ್ಷಾತ್ ಕಾಲ, ದನಿ ಹರೀಶ್ ಭಿಮಾನಿ ಅವರದು. ಕಾಲಕ್ಕೆ ಎಲ್ಲವೂ ಗೊತ್ತು. ಹಾಗಾಗಿ ಮುಂದೆ ಆಗುವುದನ್ನು ಮೊದಲೇ ಹೇಳಿದರೂ, ನಡುವೆ ಬುದ್ಧಿಮಾತು ಹೇಳಿದರೂ ಒಪ್ಪುತ್ತದೆ. ಇದಕ್ಕೆ ಪೂರ್ತಿ ಉಲ್ಟಾ 1950ರ 'ಸನ್‌ಸೆಟ್ ಬುಲೆವಾರ್ಡ್'. ಈಜುಕೊಳದಲ್ಲಿ ಹೆಣ ತೇಲುತ್ತಿದೆ, ಕಥೆ ಹೇಳುತ್ತಿರುವುದು ಆ ಸತ್ತವನೇ. ಅವನಿಗೆ ಕೊನೆ ಗೊತ್ತು, ಆದರೆ ಬೇರೆಯವರ ಮನಸ್ಸಿನ ಒಳಗಿನದು ಗೊತ್ತಿಲ್ಲ.

ನಿಮ್ಮ ಚಿತ್ರಕ್ಕೆ ಬಂದರೆ, "ನಾನು" ಅನ್ನುವ ದನಿಯಾದರೆ ಆ ಪಾತ್ರ ನೋಡದ ದೃಶ್ಯವನ್ನು ಅದು ವರ್ಣಿಸಬಾರದು. ಸಾಕ್ಷ್ಯಚಿತ್ರದ ಹೊರಗಿನ ದನಿಯಾದರೆ "ನಮ್ಮ ಊರು" ಅಂತ ಒಂದು ಕಡೆ, "ಈ ಗ್ರಾಮ" ಅಂತ ಇನ್ನೊಂದು ಕಡೆ ಬರಬಾರದು. ಸುಮ್ನೆ ಚಿಕ್ಕ ವಿಷಯ ಅನ್ನಿಸಬಹುದು. ಕೇಳುವವರಿಗೆ ಇದು ಥಟ್ ಅಂತ ಗೊತ್ತಾಗುತ್ತದೆ, ಏನು ತಪ್ಪು ಅಂತ ಹೇಳೋಕೆ ಬರಲ್ಲ ಅಷ್ಟೇ.

ಮೂರನೆಯದು: ಬರೆಯುವುದು

ಹಾಳೆಯನ್ನು ಮಧ್ಯಕ್ಕೆ ಗೆರೆ ಎಳೆದು ಎರಡು ಮಾಡಿ. ಎಡಗಡೆ ಶಾಟ್ ಮತ್ತು ಎಷ್ಟು ಸೆಕೆಂಡ್, ಬಲಗಡೆ ಮಾತು. ಬಲಗಡೆಯ ಹೆಚ್ಚಿನ ಜಾಗ ಖಾಲಿ ಇದ್ದರೆ ಸರಿಯಾದ ದಾರಿಯಲ್ಲಿದ್ದೀರಿ.

ಈಗ ಉದಾಹರಣೆ. ಚನ್ನಪಟ್ಟಣದ ಗೊಂಬೆ ಮಾಡುವವರೊಬ್ಬರ ಮೇಲೆ ಚಿಕ್ಕ ಚಿತ್ರ ಅಂದುಕೊಳ್ಳಿ. ಶಾಟ್ ಇದು: ಲೇತ್ (ಮರ ಕಡೆಯುವ ಯಂತ್ರ) ತಿರುಗುತ್ತಿದೆ, ಆಲೆ ಮರದ ತುಂಡಿಗೆ ಒಂದು ಕೆಂಪು ಕಡ್ಡಿಯನ್ನು ಒತ್ತುತ್ತಾರೆ, ಬಣ್ಣ ಮೈತುಂಬ ಹರಡುತ್ತದೆ. 12 ಸೆಕೆಂಡ್. ಸಾಮಾನ್ಯವಾಗಿ ಇದಕ್ಕೆ ಬರುವ ಮಾತು ಹೀಗಿರುತ್ತದೆ:

"ಚನ್ನಪಟ್ಟಣದ ಗೊಂಬೆಗಳು ವಿಶ್ವವಿಖ್ಯಾತವಾಗಿದ್ದು, ಇವುಗಳನ್ನು ಪರಿಸರಸ್ನೇಹಿ ಬಣ್ಣಗಳನ್ನು ಬಳಸಿ ನುರಿತ ಕುಶಲಕರ್ಮಿಗಳಿಂದ ತಯಾರಿಸಲಾಗುತ್ತದೆ. ಇಲ್ಲಿ ಕುಶಲಕರ್ಮಿಯೊಬ್ಬರು ತಿರುಗುತ್ತಿರುವ ಮರದ ತುಂಡಿಗೆ ಬಣ್ಣ ಹಚ್ಚುತ್ತಿರುವುದನ್ನು ಕಾಣಬಹುದು."

ಎರಡನೇ ವಾಕ್ಯ ಕಣ್ಣೆದುರಿಗೇ ಇದೆ, ಹೊಡೆದು ಹಾಕಿ. ಮೊದಲನೆಯದು ಯಾವ ಊರಿನ ಯಾವ ಕಸುಬಿಗೆ ಬೇಕಾದರೂ ಆಗುತ್ತದೆ. "ವಿಶ್ವವಿಖ್ಯಾತ" ಅಂದ ತಕ್ಷಣ ಕೇಳುವವರ ಕಿವಿ ಮುಚ್ಚುತ್ತದೆ. ಈ ಶಾಟ್‌ನಲ್ಲಿ ಕ್ಯಾಮೆರಾ ತೋರಿಸಲಾಗದ್ದು ಏನು? ಆ ಕಡ್ಡಿ ಪೇಂಟ್ ಅಲ್ಲ ಅನ್ನುವುದು, ಅದು ಎಲ್ಲಿಂದ ಬಂತು ಅನ್ನುವುದು, ಅದು ಹೇಗೆ ಕರಗುತ್ತಿದೆ ಅನ್ನುವುದು. ಹಾಗಾದರೆ:

"ಕೈಯಲ್ಲಿರುವುದು ಅರಗಿನ ಕಡ್ಡಿ. ಮರದ ಕೊಂಬೆಗೆ ಕಚ್ಚಿಕೊಂಡ ಸಣ್ಣ ಹುಳು ಸುರಿಸಿದ ಅಂಟು. ಅದಕ್ಕೆ ಬೇರೆ ಬೆಂಕಿ ಬೇಡ. ತಿರುಗುವ ಮರದ ಬಿಸಿಗೇ ಕರಗುತ್ತದೆ."

ಎರಡನ್ನೂ ಎಣಿಸಿ ನೋಡಿ. ಎರಡರಲ್ಲೂ 18 ಪದಗಳೇ ಇವೆ. ಆದರೆ ಬಾಯಲ್ಲಿ ಹೊರಳಬೇಕಾದ ಅಕ್ಷರ ಮೊದಲನೆಯದರಲ್ಲಿ 92, ಎರಡನೆಯದರಲ್ಲಿ 56. ಇಂಗ್ಲಿಷ್ ಪಾಠಗಳಲ್ಲಿ "ನಿಮಿಷಕ್ಕೆ ಇಷ್ಟು ಪದ" ಅನ್ನುವ ಲೆಕ್ಕ ಕೊಡುತ್ತಾರಲ್ಲ, ಅದನ್ನು ಕನ್ನಡಕ್ಕೆ ತಂದರೆ ಕೈಕೊಡುವುದು ಇದಕ್ಕೇ. ನಮ್ಮಲ್ಲಿ ವಿಭಕ್ತಿ, ಬಹುವಚನ, "-ತ್ತಿರುವುದನ್ನು" ಎಲ್ಲ ಪದದ ಬಾಲಕ್ಕೇ ಅಂಟಿಕೊಳ್ಳುತ್ತವೆ, ಒಂದು ಪದ ಎರಡು ಅಕ್ಷರವೂ ಇರಬಹುದು, ಎಂಟೂ ಇರಬಹುದು. ಅದಕ್ಕೇ ಅಕ್ಷರ ಎಣಿಸಿ. ನಿಧಾನವಾಗಿ, ಉಸಿರಿಗೆ ಜಾಗ ಬಿಟ್ಟು ಓದಿದರೆ ಸೆಕೆಂಡಿಗೆ ಸುಮಾರು 5 ಅಕ್ಷರ ಅಂತ ಇಟ್ಟುಕೊಳ್ಳಿ. ಆ ಲೆಕ್ಕದಲ್ಲಿ ಎರಡನೆಯದು 12 ಸೆಕೆಂಡಿನ ಶಾಟ್‌ಗೆ ಸರಿಹೋಗುತ್ತದೆ. ಮೊದಲನೆಯದಕ್ಕೆ 18 ಸೆಕೆಂಡ್ ಬೇಕು. ನಿಮ್ಮ ಓದಿನ ವೇಗ ಬೇರೆ ಇರಬಹುದು, ಒಂದು ಪ್ಯಾರಾ ಓದಿ ಗಡಿಯಾರ ಹಿಡಿದು ನೋಡಿಕೊಂಡರೆ ಆಯಿತು.

ಇಸವಿಗಳು ಇನ್ನೊಂದು ತಲೆನೋವು. ಹಾಳೆಯ ಮೇಲೆ "1973ರಲ್ಲಿ" ಚಿಕ್ಕದಾಗಿ ಕಾಣುತ್ತದೆ. ಬಾಯಲ್ಲಿ ಅದು "ಸಾವಿರದ ಒಂಬೈನೂರ ಎಪ್ಪತ್ತಮೂರರಲ್ಲಿ", 15 ಅಕ್ಷರ, ಮೂರು ಸೆಕೆಂಡ್ ಗುಳುಂ. "ಎಪ್ಪತ್ತರ ದಶಕದಲ್ಲಿ" ಅಂದರೆ ಸಾಕಾಗುತ್ತದಾ ನೋಡಿ, ಇಲ್ಲವೇ ಇಸವಿಯನ್ನು ತೆರೆಯ ಮೇಲೆ ಅಕ್ಷರದಲ್ಲಿ ಹಾಕಿ. ಅಂಕಿಗಳನ್ನು ಓದುವವರ ಪ್ರತಿಯಲ್ಲಿ ಅಕ್ಷರದಲ್ಲೇ ಬರೆದುಕೊಡಿ. ಇಲ್ಲದಿದ್ದರೆ ಒಂದು ಕಡೆ "ಐನೂರು", ಇನ್ನೊಂದು ಕಡೆ "ಫೈವ್ ಹಂಡ್ರೆಡ್" ಅಂತ ಬಂದು ಕೂರುತ್ತದೆ.

ವಾಕ್ಯ ಕಟ್ಟುವಾಗ ಇನ್ನೊಂದು ನೆನಪಿರಲಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಅದು ಬರುವ ತನಕ ಕೇಳುವವರು ಎಲ್ಲವನ್ನೂ ತಲೆಯಲ್ಲಿ ಹಿಡಿದುಕೊಂಡು ಕಾಯಬೇಕು. ಓದುವವರಾದರೆ ಕಣ್ಣು ಹಿಂದಕ್ಕೆ ಹಾಯಿಸಬಹುದು, ಕೇಳುವವರಿಗೆ ಆ ಸೌಲಭ್ಯ ಇಲ್ಲ. ಹಾಗಾಗಿ ಉದ್ದ ವಾಕ್ಯವನ್ನು ಒಡೆಯಿರಿ. "ತಯಾರಿಸಲಾಗುತ್ತದೆ", "ನಿರ್ಮಿಸಲ್ಪಟ್ಟಿದೆ", "ಒಂದಾಗಿದೆ" ಇವನ್ನೆಲ್ಲ ಸರ್ಕಾರಿ ಪ್ರಕಟಣೆಗೇ ಬಿಡಿ. ಮಾಡುತ್ತಾರೆ, ಕಟ್ಟಿದರು, ಇದೆ. ಸಾಕಲ್ವಾ?

ಕ್ರಿಯಾಪದ ಕೊನೆಗೆ ಬರುವುದರಿಂದ ಒಂದು ಲಾಭವೂ ಇದೆ. "ತಿರುಗುವ ಮರದ ಬಿಸಿಗೇ" ಅನ್ನುವ ತನಕ ಶಾಟ್‌ನಲ್ಲಿ ಕಡ್ಡಿ ಇನ್ನೂ ಮರಕ್ಕೆ ತಾಗಿರದಿರಲಿ. "ಕರಗುತ್ತದೆ" ಅನ್ನುವುದಕ್ಕೂ ಬಣ್ಣ ಹರಡಲು ಶುರುವಾಗುವುದಕ್ಕೂ ಸರಿಯಾಗಲಿ, ಅಥವಾ ಮಾತು ಅರ್ಧ ಸೆಕೆಂಡ್ ಮುಂದಿರಲಿ. ಮೊದಲು ಮಾತು ಕಾಯಿಸುತ್ತದೆ, ಆಮೇಲೆ ಚಿತ್ರ ತೀರಿಸುತ್ತದೆ. ಚಿತ್ರ ಮೊದಲೇ ಬಂದು ಮಾತು ಹಿಂದೆ ಓಡಿಬಂದರೆ ಕ್ರಿಕೆಟ್ ಕಾಮೆಂಟರಿ ಆಗುತ್ತದೆ. ಇಡೀ ಚಿತ್ರದಲ್ಲಿ ಇಂಥ ಮೂರ್ನಾಲ್ಕು ಜಾಗ ಸಿಕ್ಕರೂ ಗೆದ್ದಿರಿ.

ಮಾತು ಮುಗಿದ ಮೇಲೆ ಎರಡು ಮೂರು ಸೆಕೆಂಡ್ ಸುಮ್ಮನೆ ಬಿಡಿ. ಲೇತ್ ಸದ್ದು ಕೇಳಲಿ. ಕೇದಗೆ ಗರಿ ಒತ್ತಿದಾಗ ಅರಗಿಗೆ ಹೊಳಪು ಬರುತ್ತದಲ್ಲ, ಆ ಶಾಟ್‌ಗೆ ನಾನಾದರೆ ಒಂದು ಪದವನ್ನೂ ಬರೆಯುವುದಿಲ್ಲ.

ನಾಲ್ಕನೆಯದು: ಫೋನ್‌ನಲ್ಲಿ ಒಂದು ಸಲ

ಬರೆದದ್ದನ್ನು ಮೊದಲು ನಿಮ್ಮ ಫೋನ್‌ನಲ್ಲೇ ಓದಿ ರೆಕಾರ್ಡ್ ಮಾಡಿ ಎಡಿಟಿಂಗ್ ಸಾಫ್ಟ್‌ವೇರ್‌ನ ಟೈಮ್‌ಲೈನ್ ಮೇಲೆ, ಚಿತ್ರದ ಕೆಳಗೆ, ಹಾಕಿ. ಇದಕ್ಕೆ ಸ್ಕ್ರ್ಯಾಚ್ ಟ್ರ್ಯಾಕ್ ಅಂತಾರೆ. ದನಿ ಹೇಗಿದ್ದರೂ ನಡೆಯುತ್ತದೆ. ನಾಲಿಗೆ ತೊಡರಿದ ಜಾಗ, ಶಾಟ್ ಮೀರಿ ಹೋದ ಜಾಗ ಎಲ್ಲ ಇಲ್ಲೇ ಸಿಗುತ್ತದೆ. ಸ್ಟುಡಿಯೋಗೆ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಅಲ್ಲಿ ಕೂತು ವಾಕ್ಯ ತಿದ್ದುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಐದನೆಯದು: ಯಾರು ಓದಬೇಕು

ಗಡಸು ದನಿಯವರನ್ನೇ ಹುಡುಕುವ ಚಾಳಿ ಬಿಡಿ. ಚಿತ್ರಕ್ಕೂ ದನಿಗೂ ಏನು ಸಂಬಂಧ ಅನ್ನುವುದು ಮುಖ್ಯ. ನಮ್ಮ ಕಾಡುಗಳ ಮೇಲಿನ ಸಾಕ್ಷ್ಯಚಿತ್ರ 'ವೈಲ್ಡ್ ಕರ್ನಾಟಕ'ದ ಇಂಗ್ಲಿಷ್ ನಿರೂಪಣೆ ಡೇವಿಡ್ ಅಟೆನ್‌ಬರೋ ಅವರದು, ಕನ್ನಡದ್ದು ರಿಷಬ್ ಶೆಟ್ಟಿ ಅವರದು. ಒಂದೇ ಹುಲಿ, ಒಂದೇ ಕಾಡು. ಆದರೆ ಒಂದು ದನಿ ಜಗತ್ತಿನ ಕಾಡುಗಳನ್ನೆಲ್ಲ ಸುತ್ತಿ ಬಂದದ್ದು, ಇನ್ನೊಂದು ಇದೇ ನೆಲದ್ದು.

ಊರ ಮಾತಿನ ವಿಷಯದಲ್ಲಿ ನನ್ನ ನಿಲುವು ಸರಳ. "ನಾನು" ಅನ್ನುವ ಪಾತ್ರದ ದನಿಯಾದರೆ ಧಾರವಾಡದ್ದೋ ಕುಂದಾಪುರದ್ದೋ ಮಂಡ್ಯದ್ದೋ, ಇದ್ದ ಹಾಗೆ ಇರಲಿ, ಅದನ್ನು ತಿದ್ದಿದರೆ ಪಾತ್ರವೇ ಸಾಯುತ್ತದೆ. ಹೊರಗಿನ ನಿರೂಪಕರಾದರೆ ಎಲ್ಲರಿಗೂ ತಿಳಿಯುವ ಕನ್ನಡ ಸಾಕು. ಆದರೆ ಹ-ಅ, ಳ-ಲ, ಶ-ಸ ಗಲಿಬಿಲಿ ಇರಬಾರದು. ಹಾಗಂತ ಮಹಾಪ್ರಾಣವನ್ನು ಎದೆಯಿಂದ ಎಳೆದು ತಂದು ಉರುಳಿಸುವುದೂ ಬೇಡ. ಊರು, ಹಳ್ಳ, ದೇವರ ಹೆಸರುಗಳನ್ನು ಆ ಊರಿನವರ ಬಾಯಲ್ಲೇ ಕೇಳಿ ರೆಕಾರ್ಡ್ ಮಾಡಿಕೊಳ್ಳಿ. ಕಂಪ್ಯೂಟರ್ ದನಿಗಳು ಸ್ಕ್ರ್ಯಾಚ್ ಟ್ರ್ಯಾಕ್‌ಗೆ ಆಗಬಹುದು, ಕೊನೆಯ ಚಿತ್ರಕ್ಕೆ ಹಾಕುವ ಮುಂಚೆ ಊರಿನ ಹೆಸರುಗಳನ್ನು ಅದರ ಬಾಯಲ್ಲಿ ಒಮ್ಮೆ ಕೇಳಿ ನೋಡಿ, ಸಾಕು.

ಆರನೆಯದು: ಮನೆಯಲ್ಲೇ ರೆಕಾರ್ಡಿಂಗ್

ಮೈಕ್‌ಗಿಂತ ಕೋಣೆ ಮುಖ್ಯ. ಖಾಲಿ ಗೋಡೆಯ ಹಾಲ್‌ನಲ್ಲಿ ಒಳ್ಳೆಯ ಮೈಕ್ ಇಟ್ಟರೂ ದನಿ ಬಾವಿಯೊಳಗಿಂದ ಬಂದಂತೆ ಕೇಳುತ್ತದೆ. ಮಲಗುವ ಕೋಣೆ ಒಳ್ಳೆಯದು. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆಗೆದು ಅದಕ್ಕೆ ಮುಖ ಮಾಡಿ ನಿಲ್ಲಿ, ಬೆನ್ನ ಹಿಂದೆ ಒಂದು ರಜಾಯಿ ಇಳಿಬಿಡಿ. ಫ್ಯಾನ್ ಆಫ್, ಫ್ರಿಜ್ ಆಫ್, ಯುಪಿಎಸ್ ಗುಂಯ್‌ಗುಟ್ಟುತ್ತಿದ್ದರೆ ಬಾಗಿಲು ಮುಚ್ಚಿ. ಪಕ್ಕದ ಮನೆಯ ಬೋರ್‌ವೆಲ್ ಮೋಟರ್, ಕುಕ್ಕರ್ ಸೀಟಿ, ಬೀದಿ ನಾಯಿ ಇವಕ್ಕೆಲ್ಲ ಒಂದೇ ಮದ್ದು: ರಾತ್ರಿ ಹನ್ನೊಂದರ ಮೇಲೆ ಕೂರುವುದು. ನಾಯಿಗಳ ಬಗ್ಗೆ ಮಾತ್ರ ಗ್ಯಾರಂಟಿ ಕೊಡೋಕಾಗಲ್ಲ.

ಬಾಯಿಗೂ ಮೈಕ್‌ಗೂ ಹೆಚ್ಚುಕಮ್ಮಿ ಒಂದು ಗೇಣು. ಮೈಕ್ ಬಾಯಿಗೆ ನೇರ ಇಡಬೇಡಿ, ಸ್ವಲ್ಪ ಓರೆಯಾಗಿರಲಿ, ಇಲ್ಲದಿದ್ದರೆ ಪ-ಫ-ಬ-ಭ ಬಂದಾಗಲೆಲ್ಲ ಗಾಳಿ ಬಡಿಯುತ್ತದೆ. ನಡುವೆ ಒಂದು ಪಾಪ್ ಫಿಲ್ಟರ್, ಅಂದರೆ ಆ ಗಾಳಿ ತಡೆಯುವ ಜಾಲರಿ, ಇದ್ದರೆ ಇನ್ನೂ ಒಳ್ಳೆಯದು. ವೇವ್ ಫೈಲ್, 48 ಕಿಲೋಹರ್ಟ್ಸ್, 24 ಬಿಟ್ ಇಟ್ಟುಕೊಳ್ಳಿ, ವಿಡಿಯೋಗೆ ಅದೇ ರೂಢಿ. ಎಷ್ಟು ಜೋರಾಗಿ ಓದಿದರೂ ಮೀಟರ್ ಮೈನಸ್ 6 ಡೆಸಿಬೆಲ್ ದಾಟಬಾರದು. ಸಾಫ್ಟ್‌ವೇರ್‌ಗೆ ದುಡ್ಡು ಹಾಕಬೇಕಿಲ್ಲ, ಆಡಾಸಿಟಿ ಉಚಿತ, ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೂ ರೆಕಾರ್ಡ್ ಮಾಡಬಹುದು.

ಓದು ಶುರುಮಾಡುವ ಮುಂಚೆ ಅರ್ಧ ನಿಮಿಷ ಎಲ್ಲರೂ ಸುಮ್ಮನಿದ್ದು ಬರೀ ಕೋಣೆಯ ಮೌನವನ್ನೇ ರೆಕಾರ್ಡ್ ಮಾಡಿ. ಆಮೇಲೆ ಉಸಿರು, ಕೆಮ್ಮು ಕತ್ತರಿಸಿದ ಜಾಗಕ್ಕೆ ತುಂಬಲು ಇದು ಬೇಕೇ ಬೇಕು.

ಏಳನೆಯದು: ಓದಿಸುವುದು

ಹಾಳೆಯಲ್ಲಿ ಉಸಿರು ತೆಗೆದುಕೊಳ್ಳುವ ಜಾಗಕ್ಕೆ ಒಂದು ಓರೆಗೆರೆ ಎಳೆಯಿರಿ, ಒತ್ತಿ ಹೇಳಬೇಕಾದ ಪದದ ಕೆಳಗೆ ಅಡ್ಡಗೆರೆ. ವಾಕ್ಯಕ್ಕೆ ಒಂದೇ ಒತ್ತು. "ಬಿಸಿಗೇ" ಅನ್ನುವಲ್ಲಿ ಆ "ಏ" ಆಗಲೇ ಒತ್ತಿ ಹೇಳುತ್ತಿದೆ, ಅದರ ಮೇಲೆ ದನಿಯನ್ನೂ ಏರಿಸಿದರೆ ನಾಟಕದ ಡೈಲಾಗ್ ಆಗುತ್ತದೆ.

ಓದುವವರಿಗೆ ಚಿತ್ರ ತೋರಿಸಿ, ಆದರೆ ಓದುವಾಗ ಸ್ಕ್ರೀನ್ ನೋಡುತ್ತಾ ಓದಿಸಬೇಡಿ, ಚಿತ್ರದ ಹಿಂದೆ ಓಡಲು ಶುರುಮಾಡುತ್ತಾರೆ. ಎದುರಿಗೆ ಒಬ್ಬರನ್ನು ಕೂರಿಸಿ ಅವರಿಗೆ ಹೇಳಿಸಿ. "ಇನ್ನೂ ಭಾವ ತುಂಬಿ" ಅನ್ನುವ ಸಲಹೆಯಿಂದ ಯಾರಿಗೂ ಉಪಯೋಗ ಆಗಿಲ್ಲ. "ಇದು ನಿಮಗೆ ಇವತ್ತೇ ಗೊತ್ತಾಗಿದ್ದು ಅನ್ನೋ ಹಾಗೆ ಹೇಳಿ" ಅಂದರೆ ಅವರಿಗೆ ಹಿಡಿಯಲು ಏನೋ ಸಿಗುತ್ತದೆ. ಒಂದು ಪದ ತಪ್ಪಿದರೆ ಆ ಪದವನ್ನಷ್ಟೇ ಮತ್ತೆ ಹೇಳಿಸಬೇಡಿ, ವಾಕ್ಯದ ಆರಂಭದಿಂದ ಓದಿಸಿ, ಇಲ್ಲದಿದ್ದರೆ ಜೋಡಿಸಿದ ಜಾಗ ಎದ್ದು ಕೇಳುತ್ತದೆ. ಬಾಯಿ ಚಟಚಟ ಅನ್ನುತ್ತಿದ್ದರೆ ನೀರು ಕುಡಿಸಿ. ಹಾಲು, ಮೊಸರು ಅವತ್ತು ಬೇಡ, ಗಂಟಲು ಕಟ್ಟುತ್ತದೆ ಅಂತ ಓದುವವರೇ ಹೇಳುತ್ತಾರೆ.

ಎಂಟನೆಯದು: ಚಿತ್ರಕ್ಕೆ ಕೂರಿಸುವುದು

80 ಹರ್ಟ್ಸ್ ಕೆಳಗಿನ ಗುಡುಗುಡು ಸದ್ದನ್ನು ಹೈ ಪಾಸ್ ಫಿಲ್ಟರ್ ಹಾಕಿ ತೆಗೆಯಿರಿ. ನಾಯ್ಸ್ ರಿಡಕ್ಷನ್ ಕೈಬಿಗಿ ಹಿಡಿದು ಹಾಕಿ, ಜಾಸ್ತಿಯಾದರೆ ದನಿ ನೀರಿನೊಳಗೆ ಮಾತಾಡಿದಂತೆ ಆಗುತ್ತದೆ. ಉಸಿರುಗಳನ್ನೆಲ್ಲ ಕಿತ್ತುಹಾಕಬೇಡಿ, ಸದ್ದು ಕಮ್ಮಿ ಮಾಡಿದರೆ ಸಾಕು. ಉಸಿರೇ ಇಲ್ಲದ ಮಾತು ಕೇಳಿದರೆ ನಮಗೇ ಉಸಿರು ಕಟ್ಟುತ್ತದೆ.

ಸಂಗೀತವೇ ಇಲ್ಲಿ ಹೆಚ್ಚಾಗಿ ಕೆಲಸ ಕೆಡಿಸುವುದು. ಮಾತಿನ ಕೆಳಗೆ ಅದನ್ನು 12ರಿಂದ 15 ಡೆಸಿಬೆಲ್ ಇಳಿಸಿ, ಮಾತು ಶುರುವಾಗುವ ಸ್ವಲ್ಪ ಮುಂಚೆಯೇ ಇಳಿಯಲು ಶುರುವಾಗಲಿ. ಹಾಡಿನ ಸಾಹಿತ್ಯದ ಮೇಲೆ ಮಾತು ಹಾಕಲೇಬೇಡಿ, ಕೊಳಲು-ವೀಣೆ ಕೂಡ ಮನುಷ್ಯರ ದನಿಯ ಎತ್ತರದಲ್ಲೇ ಇದ್ದು ಮಾತನ್ನು ನುಂಗುತ್ತವೆ. ಮಾತು ಪ್ರತಿ ಸಲವೂ ಕಟ್ ಆದ ಕ್ಷಣಕ್ಕೇ ಶುರುವಾಗದಿರಲಿ. ಹಿಂದಿನ ಶಾಟ್‌ನ ಕೊನೆಯಲ್ಲೇ ಶುರುವಾಗಿ ಹೊಸ ಶಾಟ್‌ಗೆ ಹರಿದರೆ ನೋಡುವವರು ಹೊಲಿಗೆಯನ್ನು ಗಮನಿಸುವುದಿಲ್ಲ. ಯೂಟ್ಯೂಬ್‌ಗೆ ಹಾಕುವುದಾದರೆ ಒಟ್ಟು ಲೌಡ್‌ನೆಸ್ ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಸದ್ದು ಎಷ್ಟು ಜೋರು ಅಂತ ಅಳೆಯುವ ಲೆಕ್ಕ) ಸುತ್ತಮುತ್ತ ಇರಲಿ, ಅದಕ್ಕಿಂತ ಜೋರಿದ್ದರೆ ಅವರೇ ಇಳಿಸುತ್ತಾರೆ. ಟಿವಿ ಚಾನೆಲ್‌ಗಾದರೆ ಅವರ ಲೆಕ್ಕ ಕೇಳಿಕೊಂಡೇ ಮಿಕ್ಸ್ ಮಾಡಿ.

ಮಿಕ್ಸ್ ಮುಗಿದ ಮೇಲೆ ಹೆಡ್‌ಫೋನ್ ತೆಗೆದಿಟ್ಟು, ಚಿತ್ರವನ್ನು ಮಾಮೂಲಿ ಫೋನ್‌ಗೆ ಹಾಕಿಕೊಂಡು ಬಸ್ಸಿನಲ್ಲಿ ಕೂತು ಕೇಳಿ. ಜನ ನೋಡುವುದು ಹಾಗೇ ತಾನೇ. ಅಲ್ಲೂ ಪ್ರತಿ ಪದ ಕಿವಿಗೆ ಬಿದ್ದರೆ ಮಿಕ್ಸ್ ಸರಿಯಿದೆ.

ಪ್ರಾಜೆಕ್ಟ್ ಮುಚ್ಚುವ ಮುಂಚೆ ಮೂರು ಫೈಲ್ ಬೇರೆ ಬೇರೆ ತೆಗೆದಿಡಿ: ಮಾತು ಮಾತ್ರ ಇರುವುದು, ಸಂಗೀತ ಮತ್ತು ಸದ್ದು ಮಾತ್ರ ಇರುವುದು, ಎಲ್ಲ ಸೇರಿದ್ದು. ಎಡಗಡೆ ಸೆಕೆಂಡ್, ಬಲಗಡೆ ಮಾತು ಬರೆದಿದ್ದ ಹಾಳೆಯನ್ನೂ ಅದರ ಜೊತೆಗೇ ಇಡಿ. ನಾಳೆ ಯಾರಾದರೂ ತುಳುವಿನಲ್ಲೋ ಹಿಂದಿಯಲ್ಲೋ ಬೇಕು ಅಂದರೆ ಎರಡನೇ ಫೈಲ್ ಮೇಲೆ ಹೊಸ ದನಿ ಕೂರಿಸಿದರೆ ಆಯಿತು, ಸಬ್‌ಟೈಟಲ್ ಕೇಳಿದರೆ ಹಾಳೆ ಕೈಗೆ ಕೊಟ್ಟರೆ ಆಯಿತು.